ಬೂಷ್ಟು ಎನ್ನದ ರಾಜೀವಿ ಮಾಮಿ

ನನ್ನ ಅತ್ತೆ ರಾಜೀವಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕುಳಿತಿದ್ದೇನೆ. ಬರೆಯುತ್ತ ಬರೆಯುತ್ತ ಅದು ಬೈಗುಳವಾದರೆ ತಪ್ಪು ನನ್ನದಲ್ಲ. ಕಳೆದ ಮಳೆಗಾಲದಿಂದ ಈಚೆಗೆ ಆ ಹೆಂಗಸು ನನಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಇನ್ನೊಬ್ಬಳಾಗಿದ್ದರೆ ತವರಿಗೆ ಹೋಗಿ ಕೂತಿರುತ್ತಿದ್ದಳು. ನನ್ನ ತವರು ಎರಡು ಓಣಿ ಆಚೆ ಇರುವುದರಿಂದ ಹೋಗಿಯೂ ಪ್ರಯೋಜನವಿರಲಿಲ್ಲ.

ನಮ್ಮ ತುಳು ಮನೆಗಳಲ್ಲಿ ಅತ್ತೆಗೆ ಮಾಮಿ ಅನ್ನುವುದು. ಮಾಮಿಗೆ ಈಗ ಐವತ್ತೆಂಟು. ಬೋಳಾರದ ನಮ್ಮ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟು ಬಂದರಿನ ಒಣಮೀನಿನ ಸಾಲಿಗೆ ಹೋಗಿ ಅಂಗಡಿ ತೆರೆಯುತ್ತಾರೆ. ಮಾವ ಸೇಸಪ್ಪ ಮೊದಲು ಕಡಲಿಗೆ ಹೋಗುತ್ತಿದ್ದರು, ಈಗ ಜಗಲಿಯಲ್ಲಿ ಕೂತು ಬಲೆ ಸರಿಮಾಡುತ್ತಾರೆ. ನನ್ನ ಗಂಡ ಲತೀಶ್ ಟ್ರಾಲ್ ಬೋಟಿನವನು, ಒಮ್ಮೆ ಹೋದನೆಂದರೆ ಹತ್ತು ದಿನ ಪತ್ತೆ ಇಲ್ಲ. ಹಾಗಾಗಿ ಮಾಮಿಯನ್ನು ಆಸ್ಪತ್ರೆ ಸುತ್ತಿಸುವ ಕೆಲಸ ಸೊಸೆಯ ತಲೆಗೇ ಬಂತು.

ನನಗೂ ಒಂದು ಕೆಲಸ ಇದೆ ಎಂಬುದು ಆ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಕೊಟ್ಟಾರದ ಒಂದು ಕಾರ್ ಸರ್ವಿಸ್ ಸೆಂಟರಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಗಿರಾಕಿ ಬಂದು ಗಾಡಿಯ ತೊಂದರೆ ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಅಲ್ಲಿ ಕಲಿತ ಒಂದೇ ವಿದ್ಯೆಯೆಂದರೆ, ಗಿರಾಕಿ ಪೂರ್ತಿ ನಿಜ ಹೇಳುವುದಿಲ್ಲ. ನೀರು ನಿಂತ ರಸ್ತೆಯಲ್ಲಿ ಓಡಿಸಿ ಎಂಜಿನ್ ಕೆಡಿಸಿಕೊಂಡವನು ಕೂಡ 'ಮನೆಯೆದುರು ಸುಮ್ಮನೆ ನಿಲ್ಲಿಸಿದ್ದೆ ಮೇಡಂ' ಅನ್ನುತ್ತಾನೆ. ಇಂಥವರನ್ನು ದಿನಾ ನೋಡುವ ನನಗೆ, ಮನೆಯಲ್ಲೇ ಒಬ್ಬರಿದ್ದಾರೆಂದು ಹೊಳೆಯಲು ಮೂರು ತಿಂಗಳು ಹಿಡಿಯಿತು.

ಮಾಮಿಯ ಹೆಸರಿರುವುದು ಅವರ ಮೂಗಿನಿಂದ. ಒಣ ಸಿಗಡಿಯೋ ಬಂಗುಡೆಯೋ, ಗೋಣಿಯ ಬಾಯಿ ಬಿಚ್ಚಿ, ಮುಖವನ್ನು ಕಿವಿಯವರೆಗೆ ಒಳಗೆ ತೂರಿಸಿ, ಕಣ್ಣು ಮುಚ್ಚಿ ಒಂದು ಉದ್ದನೆಯ ಉಸಿರು ಎಳೆದುಕೊಳ್ಳುತ್ತಾರೆ. ಮುಖ ಹೊರಗೆ ಬಂದಮೇಲೆ ತೀರ್ಪು. 'ಇದು ಹೋಗ್ತದೆ', 'ಇದನ್ನು ಬಿಸಿಲಿಗೆ ಹಾಕು', 'ಇದು ಗೊಬ್ಬರಕ್ಕೆ'. ಮಳೆಗಾಲದಲ್ಲಿ ಒಣಮೀನಿಗೆ ಬೂಷ್ಟು ಹಿಡಿಯುವುದು ಕಣ್ಣಿಗೆ ಕಾಣುವ ಹೊತ್ತಿಗೆ ಮಾಲು ಕೈಬಿಟ್ಟಂತೆಯೇ. ಮಾಮಿಯ ಮೂಗಿಗೆ ಅದು ನಾಲ್ಕು ದಿನ ಮೊದಲೇ ಗೊತ್ತಾಗುತ್ತದೆ. ಸಾಲಿನ ಹನ್ನೆರಡು ಅಂಗಡಿಯವರೂ ತಮ್ಮ ಗೋಣಿಗಳನ್ನು ಅವರ ಮುಂದೆ ತಂದಿಡುತ್ತಾರೆ. ಗಲ್ಫಿಗೆ ಹೋಗುವವರಿಗೆಲ್ಲ ಒಣಮೀನು ಕಟ್ಟಿಕೊಡುವ ವ್ಯಾಪಾರಿ ಝಕರಿಯಾ, ರಾಜೀವಕ್ಕ ಮೂಸದ ಗೋಣಿಯನ್ನು ಮುಟ್ಟುವುದೂ ಇಲ್ಲ.

ಆದರೆ ಆ ಸಾಲಿನಲ್ಲಿ ಬೂಷ್ಟು ಎಂಬ ಮಾತನ್ನು ಯಾರೂ ಆಡುವಂತಿಲ್ಲ. ಗಿರಾಕಿಯ ಕಿವಿಗೆ ಬಿದ್ದರೆ ವ್ಯಾಪಾರ ಅಲ್ಲಿಗೆ ಮುಗಿಯಿತು. ಅದಕ್ಕೆ ಅವರೆಲ್ಲ 'ತಂಪು ತಗೊಂಡಿದೆ' ಅನ್ನುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಅಂಗಡಿಯಲ್ಲಿ ನಿಂತು 'ಮಾಮಿ, ಇದಕ್ಕೆ ಬೂಷ್ಟು' ಎಂದು ಬಾಯಿ ತೆರೆದಿದ್ದೆ. ಆಮೇಲೆ ಒಂದು ವಾರ ನನಗೆ ಮೀನು ಸಾರಿನಲ್ಲಿ ತಲೆಯ ತುಂಡು ಮಾತ್ರ ಸಿಕ್ಕಿತು.

ಮಾಮಿಗೆ ಹದಿನೈದು ವರ್ಷದ ಹಿಂದೆ ಟಿಬಿ ಬಂದಿತ್ತು. ಅದು ನಿಜವಾದ ಟಿಬಿಯೇ, ಕಫದಲ್ಲಿ ಕ್ರಿಮಿ ಸಿಕ್ಕಿತ್ತು, ಮಾತ್ರೆ ತಿಂದು ಗುಣವೂ ಆಯಿತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ತೂತು ಮಾತ್ರ ಉಳಿಯಿತು. ಮೂರು ವರ್ಷದ ಹಿಂದೆ ಮತ್ತೆ ಕೆಮ್ಮು ಬಂದಾಗ ಕಫದಲ್ಲಿ ಏನೂ ಸಿಗದಿದ್ದರೂ, ಎಕ್ಸ್‌ರೇಯಲ್ಲಿ ಆ ತೂತನ್ನು ನೋಡಿದ ಡಾಕ್ಟರು 'ಟಿಬಿ ತಿರುಗಿ ಬಂದಿದೆ' ಎಂದು ಆರು ತಿಂಗಳು ಮಾತ್ರೆ ಕೊಟ್ಟರು. ಆ ಸಲ ಮಾತ್ರೆಯಿಂದ ಜಾಂಡೀಸ್ ಆಗಿ, ಕಣ್ಣು ಹಳದಿಯಾಗಿ, ಹದಿನೆಂಟು ದಿನ ಆಸ್ಪತ್ರೆಯಲ್ಲಿ ಮಲಗಿದರು. ಕೆಮ್ಮು ಮಾತ್ರ ಹಾಗೆಯೇ ಇತ್ತು.

ಈ ಸಲ ಜೂನಿನಲ್ಲಿ ಶುರುವಾದ ಕೆಮ್ಮು ಆಗಸ್ಟಿಗೂ ನಿಲ್ಲಲಿಲ್ಲ. ರವಿಕೆಗಳು ಸಡಿಲವಾದವು. ಒಂದು ಬೆಳಿಗ್ಗೆ ಒಗೆಯಲು ಹಾಕಿದ ಕರವಸ್ತ್ರದಲ್ಲಿ ರಕ್ತದ ಕಲೆ ನೋಡಿದೆ. "ಇದೆಂತ ಮಾಮಿ?" ಎಂದು ಕೇಳಿದರೆ "ವೀಳ್ಯದೆಲೆಯದ್ದು" ಅಂದರು. ಮಾಮಿ ಎಲೆ ಹಾಕುವುದು ಬಿಟ್ಟು ನಾಲ್ಕು ವರ್ಷವಾಗಿತ್ತು.

ಮೊದಲನೆಯ ಡಾಕ್ಟರು ಕೆಮ್ಮಿನ ಸಿರಪ್ ಕೊಟ್ಟರು. ಎರಡನೆಯವರು ಅಸ್ತಮಾ ಎಂದು ಎಳೆದುಕೊಳ್ಳುವ ಪಂಪ್ ಕೊಟ್ಟರು. ಮೂರನೆಯವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅರ್ಧ ನಿಮಿಷ ನೋಡಿ, "ಟಿಬಿಯೇ, ಮೂರನೇ ಸಲ ಶುರು ಮಾಡುವಾ" ಅಂದರು. ಜಾಂಡೀಸ್ ಆದದ್ದನ್ನು ಹೇಳಿದೆ. "ನೋಡಿಕೊಂಡು ಕೊಡುವಾ" ಅಂದರು. ಅಷ್ಟರಲ್ಲಿ ನನ್ನ ಆರು ರಜೆ ಮುಗಿದಿತ್ತು. ಮ್ಯಾನೇಜರು ನನ್ನನ್ನು ನೋಡಿದಾಗಲೆಲ್ಲ ಕ್ಯಾಲೆಂಡರ್ ನೋಡುತ್ತಿದ್ದರು. ಮೂರು ಡಾಕ್ಟರೂ ಒಂದು ಪ್ರಶ್ನೆಯನ್ನಂತೂ ಕೇಳಿದ್ದರು: ತೇವ, ಧೂಳು, ಬೂಷ್ಟು ಇರುವ ಕಡೆ ಕೆಲಸವಾ? ಮೂರು ಸಲವೂ ಮಾಮಿ ಇಲ್ಲ ಅಂದಿದ್ದರು.

ನಾಲ್ಕನೆಯವರು ಎದೆಯ ಡಾಕ್ಟರು, ರಿಝ್ವಾನಾ ಎಂದು. ವಯಸ್ಸು ನನ್ನಷ್ಟೇ ಇರಬಹುದು. ಸ್ಕ್ಯಾನ್ ಮಾಡಿಸಿದರು, ಕಫವನ್ನು ಎರಡು ಸಲ ಪರೀಕ್ಷೆ ಮಾಡಿಸಿದರು. ಟಿಬಿಯ ಕ್ರಿಮಿ ಎರಡು ಸಲವೂ ಸಿಗಲಿಲ್ಲ. ಸ್ಕ್ಯಾನಿನಲ್ಲಿ ಹಳೆಯ ತೂತಿನ ಒಳಗೆ ಒಂದು ಉಂಡೆಯಂಥದ್ದು ಕಾಣುತ್ತಿತ್ತು. ಅದನ್ನು ಕಂಪ್ಯೂಟರಿನಲ್ಲಿ ನಮಗೂ ತೋರಿಸಿ ಕೇಳಿದರು.

"ಎಂತ ಕೆಲಸ ಅಮ್ಮ ನಿಮ್ಮದು?"

"ಮೀನಿನ ವ್ಯಾಪಾರ."

"ಹಸಿ ಮೀನಾ, ಒಣ ಮೀನಾ?"

"ಎಲ್ಲ ಮೀನೂ ಮೊದಲು ಹಸಿಯೇ ಅಲ್ವಾ ಡಾಕ್ಟ್ರೇ?"

"ಬೂಷ್ಟು ಬಂದ ಸಾಮಾನು ಮುಟ್ಟುವುದು, ಮೂಸುವುದು ಎಂತಾದ್ರೂ ಉಂಟಾ?"

ಮಾಮಿ ಬೆನ್ನು ನೆಟ್ಟಗೆ ಮಾಡಿಕೊಂಡರು. "ನನ್ನ ಅಂಗಡಿಯಲ್ಲಿ ಅಂಥದ್ದೆಲ್ಲ ಇಲ್ಲ."

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ನನ್ನ ತೊಡೆಗೆ ಒಂದು ಚಿವುಟು ಬಿತ್ತು. ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬ ಹೋಟೆಲಿನವನು ಮಾಮಿಯ ಅಂಗಡಿಯ ಗಿರಾಕಿ, ಬಾಗಿಲು ಅರ್ಧ ತೆರೆದಿತ್ತು. ನಾನು ಬಾಯಿ ಮುಚ್ಚಿದೆ. ಆ ಹೊತ್ತು ಹಾಗೆ ಸುಮ್ಮನಾದದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಡಾಕ್ಟರು ಒಂದು ರಕ್ತ ಪರೀಕ್ಷೆ ಬರೆದರು. ಬಿಡಿಸಿ ಹೇಳಿದರು ಕೂಡ. "ಒಂದು ಜಾತಿಯ ಬೂಷ್ಟು ಗಾಳಿಯಲ್ಲಿ ಎಲ್ಲ ಕಡೆ ಉಂಟು. ನನ್ನ ಮೂಗಿಗೂ ಹೋಗ್ತದೆ, ನಿಮ್ಮ ಮೂಗಿಗೂ ಹೋಗ್ತದೆ. ಶ್ವಾಸಕೋಶ ಸರಿ ಇದ್ದರೆ ಅದಕ್ಕೆ ಅಲ್ಲಿ ಕೂರಲು ಜಾಗ ಇಲ್ಲ. ಹಳೆಯ ಟಿಬಿ ಒಂದು ಖಾಲಿ ಕೋಣೆ ಬಿಟ್ಟುಹೋದರೆ ಅಲ್ಲಿ ಬಿಡಾರ ಮಾಡ್ತದೆ. ಕಫದಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. ಆದರೆ ದೇಹ ಅದರ ಮೇಲೆ ಹೋರಾಡ್ತಾ ಇದ್ದರೆ, ಹೋರಾಡಲು ತಯಾರು ಮಾಡಿದ ಪ್ರತಿಕಾಯಗಳು ರಕ್ತದಲ್ಲಿ ಇರ್ತವೆ. ಅದನ್ನು ಅಳೆಯುವುದು."

"ಅದು ಬಂದ್ರೆ ಟಿಬಿ ಅಲ್ಲ ಅಂತಾ?" ಎಂದು ನಾನು ಕೇಳಿದೆ.

"ರಕ್ತ ಒಂದನ್ನೇ ನೋಡಿ ಹೇಳಲು ಆಗುವುದಿಲ್ಲ. ರಕ್ತ, ಸ್ಕ್ಯಾನ್, ಕೆಮ್ಮು, ಇಳಿದ ತೂಕ, ಎಲ್ಲ ಒಟ್ಟಿಗೆ ಇಟ್ಟು ನೋಡಬೇಕು. ಅಷ್ಟರವರೆಗೆ ಟಿಬಿ ಮಾತ್ರೆ ಶುರು ಮಾಡಬೇಡಿ. ಹೋದ ಸಲ ಲಿವರ್ ಹೇಗಾಗಿತ್ತು ಅಂತ ಫೈಲಿನಲ್ಲಿ ಉಂಟು. ಇನ್ನೊಂದು ಸಲ ಹಾಗಾದರೆ ಕಷ್ಟ."

ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಡವೆಂದು ಡಾಕ್ಟರು ಹೇಳಿದರು, ಚೀಟಿಯಲ್ಲೂ ಬರೆದಿತ್ತು, ನಾನೂ ಎರಡು ಸಲ ಹೇಳಿದೆ. ಮಾಮಿ ಮಾತ್ರ ರಾತ್ರಿಯ ಗಂಜಿಯನ್ನೂ ಬಿಟ್ಟು, ಬೆಳಿಗ್ಗೆ ಒಂದು ಗುಟುಕು ನೀರನ್ನೂ ಮುಟ್ಟದೆ ಬಂದಿದ್ದರು. ರಕ್ತ ಕೊಡುವುದೆಂದರೆ ಹಾಗೆಯೇ ಕೊಡಬೇಕಂತೆ, ಇಲ್ಲದಿದ್ದರೆ ಮೆಷಿನ್ನಿಗೆ ಗೊತ್ತಾಗುವುದಿಲ್ಲವಂತೆ. ಲ್ಯಾಬಿನ ಆಂಬ್ರೋಸ್ ಎಂಬ ಹಿರಿಯರು ಎರಡೂ ಕೈ ತಟ್ಟಿ ತಟ್ಟಿ ನರ ಹುಡುಕುತ್ತಿದ್ದಾಗಲೇ ಮಾಮಿ ಕುರ್ಚಿಯಲ್ಲಿ ವಾಲಿದರು.

"ನಿಮಗೆ ಬುದ್ಧಿ ಉಂಟಾ ಮಾರಾಯ್ತಿ, ಈ ವಯಸ್ಸಿನವರನ್ನು ಉಪವಾಸ ಕರ್ಕೊಂಡು ಬರುವುದಾ?" ಎಂದು ಆಂಬ್ರೋಸ್ ನನಗೇ ಬೈದರು. ಮಾಮಿ ಗ್ಲುಕೋಸ್ ಕುಡಿಯುತ್ತ, ಹೌದು ನೋಡಿ ಎಂಬಂತೆ ಅವರ ಕಡೆ ತಲೆಯಾಡಿಸಿದರು.

ರಕ್ತ ಊರಿನ ಹೊರಗಿನ ದೊಡ್ಡ ಲ್ಯಾಬಿಗೆ ಹೋಗಿ ಬರಬೇಕಿತ್ತು. ಒಂದು ವಾರ ಎಂದಿದ್ದು ಹನ್ನೆರಡು ದಿನವಾಯಿತು. ಅಷ್ಟೂ ದಿನ ಮಾಮಿ ಅಂಗಡಿಗೆ ಹೋದರು, ಗೋಣಿಗೆ ಮುಖ ಹಾಕಿದರು, ಸಂಜೆ ಬಂದು ಕೆಮ್ಮಿದರು. ಮಾವನಿಗೆ ದೂರು ಹೇಳಿದರೆ ಬಲೆಯ ಗಂಟಿನಿಂದ ಕಣ್ಣು ತೆಗೆಯದೆ "ಬಿಸಿನೀರು ಕುಡಿಯಲಿ" ಅಂದರು. ಬೋಟಿನಿಂದ ಫೋನ್ ಮಾಡಿದ ಲತೀಶ್ "ನೀನಿದ್ದೀ ಅಲ್ವಾ" ಅಂದ. ಈ ಮನೆಯ ಗಂಡಸರನ್ನು ಬೈಯಲು ಇನ್ನೊಂದು ಲೇಖನವೇ ಬೇಕು.

ಕೊನೆಗೂ ರಿಪೋರ್ಟು ಬಂತು. ಆ ಲ್ಯಾಬಿನ ಅಳತೆಯಲ್ಲಿ ನಲವತ್ತು ದಾಟಿದರೆ ಹೆಚ್ಚು. ಮಾಮಿಯದ್ದು ನೂರ ಮೂವತ್ತೆರಡು. ಡಾಕ್ಟರ್ ರಿಝ್ವಾನಾ ಕನ್ನಡಕ ತೆಗೆದಿಟ್ಟು ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು: ಬೂಷ್ಟಿನ ಹತ್ತಿರ ಕೆಲಸ ಉಂಟಾ? ಮಾಮಿ ಇಲ್ಲವೆನ್ನಲು ಹೊರಟದ್ದು ಕಂಡಿತು. ಈ ಸಲ ನಾನು ಕುರ್ಚಿಯನ್ನು ಚಿವುಟು ಸಿಗದಷ್ಟು ದೂರ ಎಳೆದುಕೊಂಡಿದ್ದೆ.

"ಮೂಸ್ತಾರೆ ಡಾಕ್ಟ್ರೇ. ದಿನಾ. ಗೋಣಿಯ ಒಳಗೆ ಮುಖ ಹಾಕಿ ಮೂಸ್ತಾರೆ. ತಮ್ಮದು ಮಾತ್ರ ಅಲ್ಲ, ಊರಿನವರದ್ದೆಲ್ಲ."

ಡಾಕ್ಟರು ಅದನ್ನು ಫೈಲಿನಲ್ಲಿ ಬರೆದುಕೊಂಡರು. ಆಮೇಲೆ ಅಂದರು, "ದಿನಾ ಆ ಗಾಳಿ ಕುಡಿಯುವವರಿಗೆ ಈ ಸಂಖ್ಯೆ ಸ್ವಲ್ಪ ಮೇಲೆ ಇರಬಹುದು. ಆದರೆ ಇಷ್ಟು ಮೇಲೆ, ಜೊತೆಗೆ ಸ್ಕ್ಯಾನಿನಲ್ಲಿ ಉಂಡೆ, ಮೂರು ತಿಂಗಳ ಕೆಮ್ಮು, ರಕ್ತ, ಏಳು ಕಿಲೋ ಕಡಿಮೆ. ಟಿಬಿಯ ಕ್ರಿಮಿ ಇಲ್ಲವೇ ಇಲ್ಲ. ಇದು ಟಿಬಿ ಅಲ್ಲ ಅಮ್ಮ. ನಿಮ್ಮ ಎದೆಯಲ್ಲಿ ಬೂಷ್ಟು ಬೆಳೆದಿದೆ."

ಮೂರು ವರ್ಷದ ಹಿಂದಿನದ್ದೂ ಇದೇ ಇತ್ತಾ ಎಂದು ಕೇಳಿದೆ. ಆಗ ಯಾರೂ ಈ ಪರೀಕ್ಷೆ ಮಾಡಿಸಿಲ್ಲವಾದ್ದರಿಂದ ಹೇಳಲು ಬರುವುದಿಲ್ಲ, ಇರಬಹುದು ಅಂದರು. ಆ ಆರು ತಿಂಗಳ ಮಾತ್ರೆ, ಹಳದಿ ಕಣ್ಣು, ಆಸ್ಪತ್ರೆಯ ಹದಿನೆಂಟು ದಿನ ಎಲ್ಲ ನೆನಪಾಗಿ ನನಗೆ ಯಾರ ಮೇಲೆ ರೇಗಬೇಕೆಂದೇ ಗೊತ್ತಾಗಲಿಲ್ಲ. ಬೂಷ್ಟನ್ನು ಕೊಲ್ಲುವ ಕ್ಯಾಪ್ಸೂಲ್ ಬರೆದರು. ಊಟದ ಜೊತೆಗೇ ತೆಗೆದುಕೊಳ್ಳಬೇಕು, ಕಡಿಮೆಯೆಂದರೂ ಆರು ತಿಂಗಳು ಬೇಕು, ಗೋಣಿಗೆ ಮೂಗು ಹಾಕುವುದು ಇವತ್ತಿಗೇ ಬಂದ್.

ಮಾಮಿ ನನ್ನ ಹತ್ತಿರ ನಾಲ್ಕು ದಿನ ಮಾತಾಡಲಿಲ್ಲ. ನನಗೂ ಸ್ವಲ್ಪ ಆರಾಮವೇ ಆಯಿತು.

ಆದರೆ ಐದನೆಯ ದಿನ ಮಾವ, ಬಿಸಿನೀರಿನ ಆಚೆಗೆ ಎಂದೂ ಬಾಯಿ ಬಿಡದ ಮಾವ, ಬೀಡಿ ಅಂಗಡಿಯಲ್ಲಿ "ರಾಜೀವಿಯ ರಕ್ತದಲ್ಲಿ ಎಂತದೋ ಬಂತಂತೆ" ಎಂದು ಹೇಳಿ ಬಂದಿದ್ದರು. ಸುದ್ದಿ ಮಧ್ಯಾಹ್ನದೊಳಗೆ ಬಂದರಿಗೆ ಮುಟ್ಟಿತು. ಪಕ್ಕದ ಅಂಗಡಿಯ ಚಂಪಕ್ಕ ಬಂದು ಎಂತ ಬಂದದ್ದು ಎಂದು ಕೇಳಿದಾಗ ಮಾಮಿ ಒಂದು ಕ್ಷಣವೂ ಯೋಚಿಸದೆ "ಟಿಬಿ" ಎಂದುಬಿಟ್ಟರು. ಸಂಜೆ ಈ ಸಂಗತಿಯನ್ನು ನನಗೆ ಏನೋ ಜಾಣತನದ ಕೆಲಸ ಮಾಡಿದಂತೆ ಹೇಳಿದರು.

"ಇಲ್ಲದ ರೋಗ ಯಾಕೆ ಹೇಳುವುದು ಮಾಮಿ? ಟಿಬಿ ಅಂದರೆ ಹತ್ತಿರ ಬರಲು ಜನ ಹೆದರುವುದಿಲ್ವಾ? ಇದು ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ."

"ನಿನಗೆ ವ್ಯಾಪಾರ ಗೊತ್ತಿಲ್ಲ. ಟಿಬಿ ಅಂದರೆ ಪಾಪ ಅಂತಾರೆ. ಬೂಷ್ಟು ಅಂದರೆ ಗೋಣಿ ಹಿಂದೆ ಕಳಿಸ್ತಾರೆ."

"ಜೀವ ದೊಡ್ಡದಾ, ಗೋಣಿ ದೊಡ್ಡದಾ?" ಎಂದು ನಾನು ಕಿರುಚಿದೆ. ಆ ಪ್ರಶ್ನೆಯನ್ನು ಮುಂದಿನ ಒಂದು ತಿಂಗಳಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಮಾಮಿ ಒಮ್ಮೆಯೂ ಉತ್ತರ ಕೊಡಲಿಲ್ಲ.

ಕ್ಯಾಪ್ಸೂಲ್ ಶುರುವಾಯಿತು. ನಾನೇ ಊಟದ ಬಟ್ಟಲಿನ ಪಕ್ಕದಲ್ಲಿ ಇಟ್ಟು, ನುಂಗುವವರೆಗೆ ನಿಂತು ನೋಡುತ್ತಿದ್ದೆ. ಎರಡು ವಾರವಾದರೂ ಕೆಮ್ಮು ಜಗ್ಗಲಿಲ್ಲ, ಊಟ ಸೇರುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಪಾಯಿಖಾನೆ ತೊಳೆಯಲು ಹೋದವಳು ಹಾಗೆಯೇ ನಿಂತುಬಿಟ್ಟೆ. ನೆಲದ ಮೇಲೆ ಕಿತ್ತಳೆ ಬಣ್ಣದ ಕಲೆ. ಹೋದ ಸಲ ಆರು ತಿಂಗಳು ದಿನಾ ನೋಡಿದ ಬಣ್ಣ ಅದು. ಟಿಬಿ ಮಾತ್ರೆ ತಿಂದವರ ಮೂತ್ರ ಹಾಗಾಗುತ್ತದೆ.

ಮಾಮಿಯ ಕಪಾಟು ತೆರೆದೆ. ಮದುವೆ ಮನೆಗೆ ಉಡುವ ಸೀರೆಗಳ ಕೆಳಗೆ ಮಾತ್ರೆಯ ಪಟ್ಟಿಗಳು ಸಿಕ್ಕವು.

ನಡೆದದ್ದು ಇಷ್ಟು. ಮಾಮಿಗೆ ಟಿಬಿ ಎಂದು ಕೇಳಿ ಚಂಪಕ್ಕನಿಗೆ ತುಂಬ ಬೇಸರವಾಯಿತಂತೆ. ಅವರಿಗೂ ಹಳೆಯ ಟಿಬಿಯ ಕಥೆ ಇತ್ತು, ಅವರೂ ಈಗ ಎರಡನೇ ಸಲ ಮಾತ್ರೆ ತಿನ್ನುತ್ತಿದ್ದರು. 'ನನ್ನ ಡಾಕ್ಟ್ರು ಒಳ್ಳೆಯವರು, ಬಾ' ಎಂದು ಕೈಹಿಡಿದು ಕರೆದುಕೊಂಡು ಹೋದರು. ಬರುವುದಿಲ್ಲವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೇಳಿದರೆ ಬೂಷ್ಟು ಎನ್ನಬೇಕಾಗುತ್ತಿತ್ತು. ಮಾಮಿ ಹಳೆಯ ಎಕ್ಸ್‌ರೇ ಮಾತ್ರ ತೋರಿಸಿದರು, ರಕ್ತದ ರಿಪೋರ್ಟು ತೋರಿಸಲಿಲ್ಲ, ಜಾಂಡೀಸಿನ ಸುದ್ದಿಯನ್ನೂ ಎತ್ತಲಿಲ್ಲ. ಆ ಡಾಕ್ಟರು ಮಾತ್ರೆ ಬರೆದರು. ಚಂಪಕ್ಕ ದಿನಾ ಬೆಳಿಗ್ಗೆ ಅಂಗಡಿಯಲ್ಲಿ 'ತಿಂದೆಯಾ?' ಎಂದು ಕೇಳುತ್ತಿದ್ದರಂತೆ. ಸುಳ್ಳು ಹೇಳಲು ಮನಸ್ಸು ಬಾರದೆ ತಿಂದರಂತೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ ಎಂಬ ಮಾತನ್ನು ಆ ಬಾಯಿಂದಲೇ ಕೇಳಿ ನಾನು ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟೆ.

"ಎರಡು ರೋಗಕ್ಕೂ ಮದ್ದು ತಿಂದರೆ ಎಂತ ಆಗ್ತದೆ? ಯಾವುದೋ ಒಂದು ಹಿಡೀತದೆ ಅಲ್ವಾ?" ಅಂದರು ಮಾಮಿ.

ಎಂತ ಆಗುತ್ತದೆಂದು ಮರುದಿನ ಡಾಕ್ಟರ್ ರಿಝ್ವಾನಾ ಹೇಳಿದರು. ಆ ಟಿಬಿ ಮಾತ್ರೆಗಳಲ್ಲಿ ಒಂದು, ಬೂಷ್ಟಿನ ಕ್ಯಾಪ್ಸೂಲ್ ದೇಹದಲ್ಲಿ ನಿಲ್ಲಲು ಬಿಡುವುದಿಲ್ಲ. ಎರಡು ವಾರ ನುಂಗಿದ ಕ್ಯಾಪ್ಸೂಲೆಲ್ಲ ನೀರಿಗೆ ಹಾಕಿದಂತೆ. ಅದೇ ದಿನ ಮಾಡಿಸಿದ ಪರೀಕ್ಷೆಯಲ್ಲಿ ಲಿವರಿನ ಸಂಖ್ಯೆಗಳು ಆಗಲೇ ಮೇಲೇರಿದ್ದವು. ಅಲ್ಲಿಯವರೆಗೆ ಅಷ್ಟು ತಾಳ್ಮೆಯಿಂದ ಇದ್ದ ಆ ಡಾಕ್ಟರಿಗೂ ಸಿಟ್ಟು ಬಂತು, ನನಗೆ ನೋಡಿ ಸಮಾಧಾನವಾಯಿತು.

"ಎರಡು ವಾರ ಎಲ್ಲ ಮಾತ್ರೆ ಬಂದ್. ಲಿವರ್ ಇಳಿದರೆ ಬೂಷ್ಟಿನ ಕ್ಯಾಪ್ಸೂಲ್ ಮತ್ತೆ ಶುರು ಮಾಡ್ತೇನೆ. ಇಳಿಯದಿದ್ದರೆ ಅದನ್ನೂ ಕೊಡಲು ಆಗುವುದಿಲ್ಲ ಅಮ್ಮ. ಆ ತೂತಿನ ಗೋಡೆಯಲ್ಲಿ ರಕ್ತನಾಳಗಳುಂಟು. ಒಂದು ದಿನ ದೊಡ್ಡದಾಗಿ ರಕ್ತ ಬಂದರೆ ಆಸ್ಪತ್ರೆಗೆ ಮುಟ್ಟುವಷ್ಟು ಸಮಯ ಸಿಗ್ತದೆ ಅಂತ ನಾನು ಹೇಳುವುದಿಲ್ಲ. ಎಂತಕ್ಕೆ ಇಷ್ಟು ಮುಚ್ಚಿಡ್ತೀರಿ?"

ಮಾಮಿ ಸೆರಗಿನ ಅಂಚನ್ನು ಮಡಚುತ್ತ, ಬಿಚ್ಚುತ್ತ ಕೂತರು.

ರಿಕ್ಷಾದಲ್ಲಿ ಬರುವಾಗ ನಾನು ಬೈಯಲು ತಯಾರಾಗಿದ್ದೆ. ಬೈಗುಳವನ್ನು ಬೆಳಿಗ್ಗೆಯಿಂದಲೇ ಜೋಡಿಸಿಟ್ಟಿದ್ದೆ. ಅಷ್ಟರಲ್ಲಿ ಮಾಮಿ ರಸ್ತೆಯ ಕಡೆ ನೋಡುತ್ತಲೇ ಹೇಳಿದರು, "ಮೂಗು ಹಾಕುವುದು ಬಿಟ್ಟರೆ ನಾನು ಆ ಸಾಲಿನಲ್ಲಿ ಎಂತ ಸುಪ್ರೀತಾ? ಇವರು ಕಡಲಿಗೆ ಹೋಗಿ ಎರಡೆರಡು ತಿಂಗಳು ಬರದಿದ್ದಾಗ, ಲತೀಶ್ ಸಣ್ಣವನಿದ್ದಾಗ, ನನ್ನನ್ನು ಯಾರೂ ಅಲ್ಲಿಂದ ಎಬ್ಬಿಸಲಿಲ್ಲ. ಈ ಮೂಗು ಇತ್ತು ಅಂತ."

ನನಗೆ ಪಾಪ ಅನಿಸಿತು. ಪಾಪ ಅನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ದಿನ ಮೊಂಡುತನವೆಂದು ಬೈಯುತ್ತಿದ್ದುದರ ಕೆಳಗೆ ಈ ಹೆದರಿಕೆ ಇತ್ತೆಂದು ಮೊದಲೇ ಹೇಳಿದ್ದರೆ ನಾನಾದರೂ ದನಿ ತಗ್ಗಿಸಿ ಬೈಯುತ್ತಿದ್ದೆ.

ಎರಡು ವಾರದಲ್ಲಿ ಲಿವರ್ ಇಳಿಯಿತು. ಕ್ಯಾಪ್ಸೂಲ್ ಮತ್ತೆ ಶುರುವಾಯಿತು. ಇನ್ನು ಅಂಗಡಿಗೆ ಹೋಗಲು ಡಾಕ್ಟರು ಮೊದಲು ಒಪ್ಪಲಿಲ್ಲ. ಮಾಮಿ ಹಟ ಮಾಡಿದ ಮೇಲೆ, ಬಿಗಿಯಾದ ಮಾಸ್ಕ್ ಹಾಕಿಕೊಂಡು ಹೊರಬದಿಯಲ್ಲಿ ಕೂರಬಹುದು, ಗೋಣಿ ಮುಟ್ಟಬಾರದು ಎಂದರು. ಮಾಸ್ಕ್ ಟಿಬಿಯದ್ದೆಂದು ಸಾಲಿನವರು ತಿಳಿದರು, ಮಾಮಿ ತಿದ್ದಲಿಲ್ಲ. ನನಗೆ ಇನ್ನು ಅವರ ಮೇಲೆ ಕಾಸಿನ ನಂಬಿಕೆ ಇರಲಿಲ್ಲವಾದ್ದರಿಂದ ರಜೆಯ ದಿನ ಊಟವನ್ನೂ ಕ್ಯಾಪ್ಸೂಲನ್ನೂ ನಾನೇ ಒಯ್ಯುತ್ತಿದ್ದೆ. ಅಂಥ ಒಂದು ಶನಿವಾರ ನಾನು ಬುತ್ತಿ ಬಿಚ್ಚುತ್ತಿದ್ದಾಗ ಝಕರಿಯಾ ಬಂದರು. ಅವರ ಹಿಂದೆ ಹಮಾಲಿಯೊಬ್ಬ ಸಿಗಡಿಯ ಗೋಣಿ ತಂದು ಮಾಮಿಯ ಮುಂದೆ ಇಳಿಸಿದ.

"ರಾಜೀವಕ್ಕ, ಒಂದು ಸಲ ಮೂಗು ಹಾಕಿ. ನಮ್ಮ ನಿಯಾಝ್ ನಾಡಿದ್ದು ದುಬೈಗೆ ಹೋಗುವುದು. ಅಲ್ಲಿ ಹತ್ತು ಮನೆಗೆ ಹಂಚಲಿಕ್ಕುಂಟು."

ಗೋಣಿಯ ಬಾಯಿ ಬಿಚ್ಚಿದ್ದರು. ಮಾಮಿಯ ಕೈ ಮಾಸ್ಕಿನ ಹತ್ತಿರ ಹೋಯಿತು. ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹೋಯಿತು. ಮಾಸ್ಕಿನ ದಾರ ಒಂದು ಕಿವಿಯಿಂದ ಬಿಟ್ಟಿತು. ನಾನು ಅನ್ನದ ಬಟ್ಟಲು ಕೆಳಗಿಟ್ಟು ಎದ್ದೆ. ಮಾಮಿ ಸಿಗಡಿಯನ್ನು ನೋಡಿದರು, ನನ್ನನ್ನು ನೋಡಿದರು, ದಾರವನ್ನು ಮತ್ತೆ ಕಿವಿಗೆ ಸಿಕ್ಕಿಸಿದರು.

"ಹಾಕುವುದಿಲ್ಲ ಝಕರಿಯಾ."

"ಯಾಕೆ? ನನ್ನ ಮೇಲೆ ಸಿಟ್ಟಾ?"

"ನನಗೆ ಟಿಬಿ ಅಲ್ಲ. ಬೂಷ್ಟು. ಎದೆಯ ಒಳಗೆ ಬೂಷ್ಟು ಬೆಳೆದಿದೆ, ರಕ್ತದಲ್ಲಿ ಬಂದಿದೆ. ಇನ್ನು ಗೋಣಿಗೆ ಮೂಗು ಹಾಕಿದರೆ ನಾನು ಉಳಿಯುವುದಿಲ್ಲ."

ಆ ಮಾತನ್ನು ಆ ಸಾಲಿನಲ್ಲಿ ಅಷ್ಟು ದೊಡ್ಡ ಸ್ವರದಲ್ಲಿ ಯಾರೂ ಆಡಿರಲಿಲ್ಲ. ಎದುರಿನ ಅಂಗಡಿಯಲ್ಲಿ ನಂಗ್ ಮೀನು ಆರಿಸುತ್ತಿದ್ದ ಗಿರಾಕಿ ತಲೆಯೆತ್ತಿದ. ತೂಕ ಮಾಡುತ್ತಿದ್ದವರ ಕೈ ನಿಂತಿತು. ನಾನು ಝಕರಿಯಾರ ಮುಖವನ್ನೇ ನೋಡುತ್ತಿದ್ದೆ. ಅವರು ಗೋಣಿಯ ಬಾಯನ್ನು ಸುತ್ತಿ ಮುಚ್ಚಿದರು.

"ಇಷ್ಟು ದಿನ ಹೇಳ್ಲಿಕ್ಕೆ ಎಂತ ರಾಜೀವಕ್ಕ ನಿಮಗೆ? ನನಗೆ ಗೊತ್ತಿಲ್ವಾ? ಮಳೆಗಾಲದಲ್ಲಿ ಬೂಷ್ಟು ಇಲ್ಲದ ಒಣಮೀನು ಎಲ್ಲಿ ಉಂಟು? ಮತ್ತೆ ನಾನು ನಿಮ್ಮ ಹತ್ತಿರ ಮೂಗು ಹಾಕಿಸ್ತಾ ಇದ್ದದ್ದು ಎಂತಕ್ಕೆ?"

ಮಾಮಿ ಬಾಯಿ ತೆರೆದದ್ದು ಮಾಸ್ಕಿನ ಮೇಲಿನಿಂದಲೇ ಗೊತ್ತಾಯಿತು. "ಗೊತ್ತಿದ್ದರೆ ಹೇಳಬಾರದಿತ್ತಾ?"

"ನೀವು ತಂಪು ಅಂತಿದ್ರಿ, ನಾನೂ ತಂಪು ಅಂದೆ. ನಿಮ್ಮ ಮರ್ಯಾದೆ ಅಲ್ವಾ."

ಝಕರಿಯಾ ಗೋಣಿಯನ್ನು ಹಮಾಲಿಯ ತಲೆಗೆ ಏರಿಸಿ, ಬಿಸಿಲಿಗೆ ಹಾಕಿಸಿ ಆಮೇಲೆ ನೋಡುತ್ತೇನೆಂದು ಹೇಳಿ ಹೋದರು. ನನಗೆ ಅಳು ಬರುತ್ತಿತ್ತೋ ನಗು ಬರುತ್ತಿತ್ತೋ ಗೊತ್ತಿಲ್ಲ. ಎಲ್ಲರಿಗೂ ಗೊತ್ತಿದ್ದ ಒಂದು ಸಂಗತಿಯನ್ನು ಎಲ್ಲರಿಂದಲೂ ಬಚ್ಚಿಡಲು ಹೋಗಿ ಈ ಹೆಂಗಸು ಸಾಯುವವರೆಗೆ ಬಂದಿದ್ದರು.

ಅಷ್ಟರಲ್ಲಿ ಯಾರೋ ನನ್ನ ಮೊಣಕೈ ಮುಟ್ಟಿದರು. ಚಂಪಕ್ಕ. ಹತ್ತಿರದಿಂದ ನೋಡಿದಾಗ ಅವರ ಕೊರಳಿನ ಎಲುಬುಗಳು ಎದ್ದು ಕಾಣುತ್ತಿದ್ದವು. ಸೊಂಟದಲ್ಲಿ ಸಿಕ್ಕಿಸಿದ್ದ ಕರವಸ್ತ್ರವನ್ನು ಅರ್ಧ ತೆಗೆದು ನನಗೆ ಮಾತ್ರ ಕಾಣುವಂತೆ ಹಿಡಿದರು. ಅದರಲ್ಲಿ ರಕ್ತ ಇತ್ತು.

"ಅದೆಂತ ಪರೀಕ್ಷೆ ಸುಪ್ರೀತಾ? ಎಲ್ಲಿ ಮಾಡುವುದು?"

"ಚಂಪಕ್ಕ, ನೀವು ದಿನಾ ಬೂಷ್ಟಿನ ಗೋಣಿ ಬಿಚ್ಚುವ ವಿಷಯ ನಿಮ್ಮ ಡಾಕ್ಟರಿಗೆ ಹೇಳಿದ್ದೀರಾ?"

"ಹೇಳುವುದುಂಟಾ ಮಾರಾಯ್ತಿ? ವ್ಯಾಪಾರ ಅಲ್ವಾ?"

ನನ್ನ ನಾಲಗೆಯ ತುದಿಗೆ ಬಂದದ್ದನ್ನು ಹೇಳುವ ಮೊದಲೇ ಮಾಮಿ ಎದ್ದು ಬಂದರು. ಒಂದು ತಿಂಗಳಿಂದ ನಾನು ದಿನಕ್ಕೆ ಹತ್ತು ಸಲ ಕೇಳಿ ಉತ್ತರ ಸಿಗದ ಪ್ರಶ್ನೆಯನ್ನು ಇಡೀ ಸಾಲಿಗೆ ಕೇಳುವಂತೆ ಚಂಪಕ್ಕನಿಗೆ ಕೇಳಿದರು.

"ಜೀವ ದೊಡ್ಡದಾ, ಗೋಣಿ ದೊಡ್ಡದಾ?"

ಚಂಪಕ್ಕ ಸುತ್ತ ನೋಡಿದರು. ಗಿರಾಕಿಗಳೆಲ್ಲ ನಿಂತು ನೋಡುತ್ತಿದ್ದರು.

"ಡಾಕ್ಟ್ರು ಕೇಳಿದರೆ ನನಗೆ ಬಾಯಿ ಬರುವುದಿಲ್ಲ ರಾಜೀವಿ" ಎಂದು ಪಿಸುಗುಟ್ಟಿದರು.

"ಬರದಿದ್ದರೆ ಬೇಡ. ನಾನು ಒಳಗೆ ಬಂದು ಹೇಳ್ತೇನೆ" ಅಂದರು ಮಾಮಿ.